ಗಾಳಿಗೆ ಎರಡು ಬಾಗಿಲು

ಕ್ಯಾರವಾನ್ ಎಂದೊಡನೆ ನಮ್ಮ ಸೀಮೆಯ ಹುಡುಗರಿಗೆ ನೆನಪಾಗುವುದು ಸಿನಿಮಾ. ಮೇಲುಕೋಟೆಯ ಕಲ್ಯಾಣಿಯ ಬಳಿಯೋ, ಶ್ರೀರಂಗಪಟ್ಟಣದ ಹತ್ತಿರದ ಮಹದೇವಪುರದಲ್ಲೋ ಶೂಟಿಂಗ್ ನಡೆಯುವಾಗ ಮರದ ನೆರಳಿನಲ್ಲಿ ಕಪ್ಪು ಗಾಜಿನ ಉದ್ದನೆಯ ಗಾಡಿಯೊಂದು ಗುರ್ ಎನ್ನುತ್ತ ನಿಂತಿರುತ್ತದೆ. ಒಳಗೆ ನಾಯಕ ನಟ ಇದ್ದಾನೆಂದು ನಂಬಿ ಹುಡುಗರು ಗಂಟೆಗಟ್ಟಲೆ ಕಾಯುತ್ತಾರೆ. ಬಾಗಿಲು ತೆರೆದಾಗ ಹೊರಬರುವವನು ಬಹಳ ಸಲ ಮೇಕಪ್ ಪೆಟ್ಟಿಗೆ ಹಿಡಿದ ಸಹಾಯಕನೇ.

ನಾನು ಈ ವಾರ ಹೇಳಹೊರಟಿರುವ ಗಾಡಿಗೆ ಅಂಥ ವೈಭವವೇನೂ ಇಲ್ಲ. ಕೃಷ್ಣರಾಜಪೇಟೆಯಿಂದ ಕಿಕ್ಕೇರಿಗೆ ಹೋಗುವ ದಾರಿಯಲ್ಲಿ ನನ್ನ ಪರಿಚಯದವರೊಬ್ಬರ ಆಲೆಮನೆ ಇದೆ. ಅವರ ಭಾವಮೈದುನ ಬೆಂಗಳೂರಿನಲ್ಲಿ ಹಳೆಯ ವ್ಯಾನೊಂದನ್ನು ಕೊಂಡಿದ್ದರು. ಯಾರೋ ಅದರ ಸೀಟು ಕಿತ್ತು ಎರಡು ಮಂಚ, ಒಂದು ಗ್ಯಾಸ್ ಒಲೆ, ಒಂದು ಪುಟ್ಟ ಬೇಸಿನ್ನು ಕೂಡಿಸಿ ಸಂಚಾರಿ ಮನೆ ಮಾಡಿದ್ದರಂತೆ. ಭಾವಮೈದುನರು ಎರಡು ಸಲ ಊಟಿ ಕಡೆ ಹೋಗಿಬಂದರು. ಆಮೇಲೆ ಉತ್ಸಾಹ ಇಳಿಯಿತು, ಅವರ ಬೀದಿಯಲ್ಲಿ ನಿಲ್ಲಿಸಲು ಜಾಗವೂ ಇಲ್ಲವಾಯಿತು. ಗಾಡಿ ಅಕ್ಕನ ಮನೆಗೆ ಬಂತು. ಎರಡು ಮಳೆಗಾಲ ತೆಂಗಿನ ಮರಗಳ ಕೆಳಗೆ ನಿಂತು, ಮೈಮೇಲೆ ಗರಿ ಬೀಳಿಸಿಕೊಂಡು, ಕೋಳಿಗಳಿಗೆ ಆಸರೆಯಾಗಿತ್ತು.

ಅದಕ್ಕೆ ಮತ್ತೆ ಜೀವ ಕೊಡುವ ಯೋಚನೆ ಬಂದದ್ದು ವೈರಮುಡಿ ಜಾತ್ರೆಯ ನೆಪದಲ್ಲಿ. ವೈರಮುಡಿಯೆಂದರೆ ರಾತ್ರಿಯ ಉತ್ಸವ. ಮೇಲುಕೋಟೆಯಲ್ಲಿ ಅಂದು ಕಾಲಿಡಲು ಜಾಗವಿರುವುದಿಲ್ಲ, ಮಲಗುವ ಮಾತಂತೂ ದೂರವೇ ಉಳಿಯಿತು. ‘ಗಾಡೀಲೇ ಮನೀಕಂಡು ಬೆಳಿಗ್ಗೆ ಬಂದ್ಬುಡಾನ ಮೇಷ್ಟ್ರೇ, ಅವ್ವನ್ನೂ ಕರ್ಕೊಂಡು ಹೋಗಬೋದು’ ಎಂದರು ಯಜಮಾನರು. ಎಂಜಿನ್ನನ್ನು ಪೇಟೆಯ ಗ್ಯಾರೇಜಿನವನು ಒಂದೇ ದಿನದಲ್ಲಿ ಎಬ್ಬಿಸಿದ. ಎದ್ದೇಳದೆ ಉಳಿದದ್ದು ಸೂರಿನ ಫ್ಯಾನು.

ಇದು ನಮ್ಮ ಮನೆಗಳಲ್ಲಿ ತೂಗುವ ಫ್ಯಾನಲ್ಲ. ಗಾಡಿಯ ಮೇಲ್ಛಾವಣಿಯಲ್ಲಿ 14 ಅಂಗುಲ ಚದರದ ಒಂದು ಕಿಂಡಿ, ಅದರೊಳಗೆ 12 ವೋಲ್ಟಿನ ಪುಟ್ಟ ಮೋಟಾರು, ರೆಕ್ಕೆ, ಮೇಲೆ ಎತ್ತಿ ಇಳಿಸುವ ಪ್ಲಾಸ್ಟಿಕ್ ಮುಚ್ಚಳ. ಒಳಗಿನ ಬಿಸಿಗಾಳಿ, ಒಗ್ಗರಣೆಯ ಹೊಗೆ, ಉಸಿರಿನ ತೇವ ಎಲ್ಲವನ್ನೂ ಮೇಲಕ್ಕೆ ಎಳೆದು ಹಾಕುವುದು ಅದರ ಕೆಲಸ. ತೇವವೆಂದು ಹಗುರವಾಗಿ ತಿಳಿಯಬೇಡಿ. ಮಲಗಿದ ಒಬ್ಬ ಮನುಷ್ಯ ಒಂದು ರಾತ್ರಿಯಲ್ಲಿ ಉಸಿರಿನಿಂದಲೂ ಚರ್ಮದಿಂದಲೂ ಸುಮಾರು ಕಾಲು ಲೀಟರಿನಷ್ಟು ನೀರನ್ನು ಗಾಳಿಗೆ ಬಿಡುತ್ತಾನೆ. ನಾಲ್ಕು ಜನ ಮಲಗಿದರೆ ಒಂದು ಚೊಂಬು ನೀರನ್ನು ಗೋಡೆಗೆ ಎರಚಿದ ಹಾಗಾಯಿತು.

ಯಜಮಾನರ ಪರಿಹಾರ ಸರಳವಾಗಿತ್ತು. ‘ಒಂದು ತಗಡು ಬಡಿದು ಮುಚ್ಬುಡಾನ. ಸೋರೋದೂ ನಿಲ್ತದೆ, ಫ್ಯಾನಿನ ರಗಳೆಯೂ ಇರಾಕಿಲ್ಲ.’ ಆಗ ಅಡ್ಡ ಬಂದವಳು ಅವರ ಮಗಳು. ಎರಡನೇ ಪಿಯುಸಿ, ವಿಜ್ಞಾನ. ‘ಅಪ್ಪಾಜಿ, ಒಂದು ಸಲ ಬಿಚ್ಚಿ ನೋಡ್ತೀನಿ’ ಎಂದಳು. ಪರೀಕ್ಷೆ ಹತ್ತಿರವಿರುವಾಗ ಹುಡುಗಿ ಸ್ಕ್ರೂ ಡ್ರೈವರ್ ಹಿಡಿದು ಗಾಡಿ ಹತ್ತುವುದು ತಂದೆಗೆ ಸರಿಬರಲಿಲ್ಲ. ನನ್ನ ಮುಖ ನೋಡಿದರು. ಮೂವತ್ತು ವರ್ಷ ಭೌತಶಾಸ್ತ್ರ ಕಲಿಸಿದ ತಪ್ಪಿಗೆ ನಾನು ಅವಳ ಪಕ್ಷ ವಹಿಸಿದೆ.

ಮೊದಲು ಬಳೆ, ವಾಚು ತೆಗೆಸಿದೆ. ಆಮೇಲೆ ಬ್ಯಾಟರಿಯ ನೆಗೆಟಿವ್ ತಂತಿ ಕಳಚಿಸಿದೆ. 12 ವೋಲ್ಟು ಶಾಕ್ ಹೊಡೆಯುವುದಿಲ್ಲ ಎಂಬ ಧೈರ್ಯದಲ್ಲಿ ಹುಡುಗರು ಎಚ್ಚರ ತಪ್ಪುತ್ತಾರೆ. ಶಾಕ್ ಹೊಡೆಯುವುದಿಲ್ಲ ನಿಜ. ಆದರೆ ಗಾಡಿಯ ಬ್ಯಾಟರಿಯ ಎರಡು ತುದಿಗಳನ್ನು ಒಂದು ಲೋಹದ ಬಳೆ ಕೂಡಿಸಿತೆಂದರೆ ನೂರಾರು ಆಂಪೇರ್ ಹರಿದು ಬಳೆ ಕೆಂಪಗೆ ಕಾಯುತ್ತದೆ, ಅದೂ ಕೈಯಲ್ಲಿರುವಾಗಲೇ.

ಫ್ಯೂಸು ಸರಿಯಾಗಿತ್ತು. ಸ್ವಿಚ್ಚೂ ಸರಿಯಿತ್ತು. ಬ್ಯಾಟರಿಯನ್ನು ಮತ್ತೆ ಜೋಡಿಸಿ ಮಲ್ಟಿಮೀಟರ್ ಹಿಡಿದೆವು: ಬ್ಯಾಟರಿಯಲ್ಲಿ 12.6 ವೋಲ್ಟು. ಮೋಟಾರಿನ ತಂತಿ ಬಿಚ್ಚಿ ಆ ತುದಿಯಲ್ಲಿ ನೋಡಿದರೂ 12.6. ‘ಸಾರ್, ಕರೆಂಟ್ ಬರ್ತಾ ಇದೆ. ಹಂಗಾದ್ರೆ ಮೋಟಾರೇ ಹೋಗಿದೆ’ ಎಂದಳು ಹುಡುಗಿ. ಹೆಚ್ಚಿನ ಮೆಕ್ಯಾನಿಕ್ಕುಗಳೂ ಇಲ್ಲಿಯೇ ತೀರ್ಪು ಕೊಟ್ಟು ಹೊಸದು ತರಲು ಚೀಟಿ ಬರೆದುಬಿಡುತ್ತಾರೆ.

ಇಲ್ಲೊಂದು ಸೂಕ್ಷ್ಮವಿದೆ. ವಿದ್ಯಾರ್ಥಿಗಳು ಗಮನಿಸಬೇಕು. ಹೊಲದ ಪೈಪಿನ ತುದಿಯ ವಾಲ್ವು ಮುಚ್ಚಿ ನೋಡಿದರೆ ಒತ್ತಡ ಪೂರ್ತಿ ಇರುತ್ತದೆ, ನಡುವೆ ಪೈಪಿನಲ್ಲಿ ಮಣ್ಣು ಕಟ್ಟಿಕೊಂಡಿದ್ದರೂ ಗೊತ್ತಾಗುವುದಿಲ್ಲ. ವಾಲ್ವು ತೆರೆದು ನೀರು ಹರಿಯಲು ಬಿಟ್ಟಾಗಲೇ ಅದರ ಬಣ್ಣ ಬಯಲಾಗುವುದು. ವಿದ್ಯುತ್ತೂ ಹಾಗೆಯೇ. ಮೀಟರು ಎಳೆಯುವ ಪ್ರವಾಹ ಏನೇನೂ ಅಲ್ಲ. ಆದ್ದರಿಂದ ತಂತಿಯಲ್ಲಿ ಎಷ್ಟೇ ಅಡ್ಡಿಯಿದ್ದರೂ ವೋಲ್ಟೇಜು ಪೂರ್ತಿ ತೋರುತ್ತದೆ. ಮೋಟಾರನ್ನು ಜೋಡಿಸಿಯೇ ಅಳೆಯಬೇಕು.

ಜೋಡಿಸಿ ಅಳೆದೆವು. ಮೋಟಾರು ಮುಲುಗಿತು, ತಿರುಗಲಿಲ್ಲ. ಅದರ ತುದಿಗಳಲ್ಲಿ 8.6 ವೋಲ್ಟು, ಹರಿಯುತ್ತಿದ್ದದ್ದು 2 ಆಂಪೇರ್. ‘ಈಗ ಲೆಕ್ಕ ಹಾಕು’ ಎಂದೆ. ದಾರಿಯಲ್ಲಿ ಕಳೆದುಹೋದದ್ದು 4 ವೋಲ್ಟು, ಹರಿದದ್ದು 2 ಆಂಪೇರ್, ಎಂದರೆ ಎಲ್ಲೋ 2 ಓಮ್ ಅಡ್ಡಿ ಕುಳಿತಿದೆ. ನಾಲ್ಕು ಎರಡಲ ಎಂಟು. ಅಲ್ಲಿ ಎಂಟು ವ್ಯಾಟ್ ಶಾಖವಾಗುತ್ತಿದೆ. ‘ಹಂಗಾದ್ರೆ ಮುಟ್ಟಿದ್ರೆ ಬಿಸಿ ಇರ್ಬೇಕಲ್ವಾ ಸಾರ್?’ ಎಂದವಳೇ ತಂತಿಯುದ್ದಕ್ಕೂ ಬೆರಳಾಡಿಸುತ್ತ ಹೋದಳು. ಸೂರಿನ ರೆಕ್ಸಿನ್ನಿನ ಹಿಂದೆ, ತಂತಿಯನ್ನು ಗಾಡಿಯ ಮೈಗೆ ಸ್ಕ್ರೂ ಹಾಕಿ ಅರ್ಥ್ ಕೊಟ್ಟಿದ್ದ ಜಾಗದಲ್ಲಿ ‘ಸ್’ ಎಂದು ಕೈ ಎಳೆದುಕೊಂಡಳು. ಸೋರಿದ ಮಳೆನೀರು ಎರಡು ವರ್ಷ ಅಲ್ಲಿಯೇ ಇಳಿದು ಆ ಸ್ಕ್ರೂ ತುಕ್ಕಿನ ಉಂಡೆಯಾಗಿತ್ತು.

ಓಮನ ನಿಯಮವನ್ನು ನಾನು ಕರಿಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಅದು ಹೀಗೆ ಒಬ್ಬರ ಬೆರಳು ಸುಟ್ಟದ್ದನ್ನು ಕಂಡದ್ದು ಅದೇ ಮೊದಲು.

ತುಕ್ಕನ್ನು ಉಜ್ಜುಕಾಗದದಿಂದ ತಿಕ್ಕಿ, ಹೊಸ ಸ್ಕ್ರೂ, ಹೊಸ ತುದಿ ಹಾಕಿದ ಮೇಲೆ ಮೋಟಾರು ತಿರುಗಿತು. ಆದರೆ ಕಬ್ಬಿನ ಗಾಣದಂತೆ ಕಿರುಗುಟ್ಟಿತು. ಪೇಟೆಯಲ್ಲಿ ಪಂಪ್‌ಸೆಟ್ ಮೋಟಾರುಗಳಿಗೆ ವೈಂಡಿಂಗ್ ಮಾಡುವ ಅಂಗಡಿಗೆ ಒಯ್ದೆವು. ಅಲ್ಲಿನವನು ನಮ್ಮ ಮೋಟಾರನ್ನು ಅಂಗೈ ಮೇಲಿಟ್ಟುಕೊಂಡು ‘ಇದೇನ್ ಸಾ, ಆಟದ ಸಾಮಾನು’ ಎಂದು ನಕ್ಕರೂ ಬಿಚ್ಚಿದ. ಒಳಗಿನ ಎರಡು ಕಾರ್ಬನ್ ಬ್ರಷ್ಷುಗಳು ಸವೆದು ಅಕ್ಕಿಕಾಳಿನಷ್ಟಾಗಿದ್ದವು. ಅವು ಒತ್ತಿಕೊಂಡು ತಿರುಗುವ ತಾಮ್ರದ ಉರುಳೆಯ ಮೇಲೆ ಮಸಿ ಹಿಡಿದಿತ್ತು. ದೊಡ್ಡ ಬ್ರಷ್ಷೊಂದನ್ನು ಅರದಿಂದ ಉಜ್ಜಿ ಅಳತೆಗೆ ತಂದು ಕೂರಿಸಿದ, ಬುಷ್ಷಿಗೆ ಎರಡು ತೊಟ್ಟು ಎಣ್ಣೆ ಬಿಟ್ಟ. ಐದು ನಿಮಿಷದ ಕೆಲಸ. ಹೊಸ ಫ್ಯಾನು ಬೆಂಗಳೂರಿನಿಂದ ಬರಬೇಕು, ಅದರಲ್ಲೂ ಹೆಚ್ಚಿನವು ಹೊರದೇಶದ ಮಾಲು. ಹಾಗೆಂದು ಎಲ್ಲವನ್ನೂ ಉಳಿಸಿಕೊಳ್ಳಲಾಗಲಿಲ್ಲ. ಮುಚ್ಚಳ ಬಿಸಿಲಿಗೆ ಒಣಗಿ ಹಪ್ಪಳವಾಗಿತ್ತು, ಹಿಡಿದರೆ ಪುಡಿ. ಬಿಸಿಲಿನ ಅತಿನೇರಳೆ ಕಿರಣಗಳು ಪ್ಲಾಸ್ಟಿಕ್ಕಿಗೆ ಮಾಡುವ ಪಾಡು ಅದು. ಮುಚ್ಚಳವನ್ನೂ ಚೌಕಟ್ಟನ್ನೂ ಹೊಸದಾಗಿ ತರಿಸಬೇಕಾಯಿತು. ಅಳತೆ ಅದೇ 14 ಅಂಗುಲ ಇದ್ದುದರಿಂದ ತೂತು ದೊಡ್ಡದು ಮಾಡುವ ಪ್ರಮೇಯ ಬರಲಿಲ್ಲ. ಇದ್ದ ತೂತಿಗೆ ಫ್ಯಾನು ಕೂರಿಸುವುದು ರಿಪೇರಿ. ಗಾಡಿಯ ಸೂರನ್ನು ಮನಸ್ಸಿಗೆ ಬಂದಂತೆ ಕತ್ತರಿಸುವುದು ಬೇರೆ ಮಾತು. ಅದಕ್ಕೆ ಮೊದಲು ಆರ್‌ಟಿಓ ಕಚೇರಿಯಲ್ಲಿ ಕೇಳಿಕೊಳ್ಳಬೇಕು.

ಸೋರಿಕೆಯ ಕಥೆ ಇನ್ನೂ ಸ್ವಾರಸ್ಯದ್ದು. ಹಿಂದೆ ಯಾರೋ ಎರಡು ಮುದ್ದೆ ಕಲಸಿ ಹಚ್ಚುವ ಗಟ್ಟಿ ಅಂಟನ್ನು ಚೌಕಟ್ಟಿನ ಸುತ್ತ ಧಾರಾಳವಾಗಿ ಮೆತ್ತಿದ್ದರು. ಕಲ್ಲಿನಂತಿತ್ತು, ಆದರೂ ಸುತ್ತಲೂ ಕೂದಲೆಳೆಯ ಬಿರುಕು. ‘ಇಷ್ಟು ಗಟ್ಟಿ ಇದ್ರೂ ಹೆಂಗೆ ಬಿಡ್ತು?’ ಎಂದು ಯಜಮಾನರು ಕೇಳಿದರು. ಗಟ್ಟಿ ಇದ್ದದ್ದೇ ಕಾರಣ. ಚೈತ್ರದ ಬಿಸಿಲಿನಲ್ಲಿ ಗಾಡಿಯ ಸೂರು ರಾತ್ರಿಗಿಂತ ನಲವತ್ತು ಡಿಗ್ರಿ ಹೆಚ್ಚು ಕಾಯುವುದು ಸಾಮಾನ್ಯ. ಆಗ 36 ಸೆಂಟಿಮೀಟರ್ ಉದ್ದದ ಉಕ್ಕು ಹಿಗ್ಗುವುದು ಮಿಲಿಮೀಟರಿನ ಐದನೇ ಒಂದು ಭಾಗಕ್ಕೂ ಕಡಿಮೆ. ಅಷ್ಟೇ ಉದ್ದದ ಪ್ಲಾಸ್ಟಿಕ್ಕು ಒಂದು ಮಿಲಿಮೀಟರಿಗೂ ಹೆಚ್ಚು ಹಿಗ್ಗುತ್ತದೆ. ದಿನವೂ ಹಗಲು ಒಂದು ಸಲ ಹಿಗ್ಗಿ, ರಾತ್ರಿ ಒಂದು ಸಲ ಕುಗ್ಗುವ ಈ ಜಗ್ಗಾಟದ ನಡುವೆ ಬಾಗಲಾರದ ಅಂಟು ಸೀಳದೆ ಏನು ಮಾಡೀತು? ಅದನ್ನೆಲ್ಲ ಕೆತ್ತಿ ತೆಗೆಯಲು ಒಂದು ಇಡೀ ಭಾನುವಾರ ಹಿಡಿಯಿತು. ಚೌಕಟ್ಟಿನ ಅಡಿಗೆ ಎಂದೂ ಗಟ್ಟಿಯಾಗದ, ಜಿಗುಟಾದ ಬ್ಯುಟೈಲ್ ಪಟ್ಟಿ ಸುತ್ತಿ, ಸ್ಕ್ರೂಗಳನ್ನು ಒಂದೊಂದಾಗಿ ಪೂರ್ತಿ ಬಿಗಿಯದೆ ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿದು, ಸ್ಕ್ರೂ ತಲೆಗಳ ಮೇಲೆ ರಬ್ಬರಿನಂತೆ ಬಾಗುವ ಸೀಲೆಂಟ್ ಹಚ್ಚಿದೆವು. ಮೇಲೆ ಹತ್ತು ಬಿಂದಿಗೆ ನೀರು ಹುಯ್ದು ನೋಡಿದೆವು. ಒಳಗೆ ಒಂದು ಹನಿ ಇಳಿಯಲಿಲ್ಲ.

ತಂತಿ ಜೋಡಿಸುವಾಗ ಸಣ್ಣದೊಂದು ಅನಾಹುತವಾಯಿತು. ಹಿಂದಿನವರು ಎರಡೂ ಕಡೆಗೆ ಕೆಂಪು ತಂತಿಯನ್ನೇ ಎಳೆದಿದ್ದರು. ಹುಡುಗಿ ಅದಲು ಬದಲು ಜೋಡಿಸಿದಳು, ನಾನೂ ನೋಡಲಿಲ್ಲ. ಇಂಥ ಮೋಟಾರಿಗೆ ಪ್ಲಸ್ಸು ಮೈನಸ್ಸು ಬದಲಾದರೆ ತಿರುಗುವ ದಿಕ್ಕೂ ಬದಲಾಗುತ್ತದೆ. ಸ್ವಿಚ್ ಹಾಕಿದ ಕ್ಷಣ ಫ್ಯಾನು ಗಾಳಿಯನ್ನು ಹೊರಕ್ಕೆಳೆಯುವ ಬದಲು ಒಳಕ್ಕೆ ಊದಿ, ಸೂರಿನ ಮೇಲಿದ್ದ ತರಗು, ಧೂಳು, ಸತ್ತ ಜೀರುಂಡೆಗಳನ್ನೆಲ್ಲ ಕೆಳಗೆ ಕತ್ತೆತ್ತಿ ನಿಂತಿದ್ದ ನನ್ನ ಮೇಲೆ ಸುರಿಯಿತು. ಯಜಮಾನರ ತಾಯಿಗೆ ಎಂಬತ್ತು ದಾಟಿದೆ. ಅವರು ಅಷ್ಟು ನಕ್ಕದ್ದನ್ನು ನಾನು ನೋಡಿರಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಇದನ್ನು ಬರೆಯಬೇಕಾಗಿರಲಿಲ್ಲ.

ತಂತಿ ಸರಿಪಡಿಸಿದ ಮೇಲೆ ಫ್ಯಾನು ಎಷ್ಟು ಎಳೆಯುತ್ತದೆಂದು ನೋಡಲು ಹುಡುಗಿ ಊದುಬತ್ತಿ ಹಚ್ಚಿದಳು. ಕಿಟಕಿ ತೆರೆದಿದ್ದಾಗ ಹೊಗೆ ದಾರದಂತೆ ನೆಟ್ಟಗೆ ಮೇಲಕ್ಕೆ ಹೋಯಿತು. ರಾತ್ರಿ ಸೊಳ್ಳೆ ಬರುತ್ತದೆ, ಕಿಟಕಿ ಮುಚ್ಚಿಯೇ ಮಲಗುತ್ತೇವಲ್ಲ ಎಂದು ಎಲ್ಲ ಕಿಟಕಿ, ಬಾಗಿಲು ಮುಚ್ಚಿ ನೋಡಿದಳು. ಫ್ಯಾನು ತಿರುಗುತ್ತಲೇ ಇತ್ತು, ಸದ್ದು ಮಾತ್ರ ಬದಲಾಯಿತು. ಹೊಗೆ ಅಲ್ಲಲ್ಲೇ ಸುಳಿಯತೊಡಗಿತು. ಊದುಬತ್ತಿ ಹಿಡಿದು ಮೂಲೆ ಮೂಲೆ ಸುತ್ತಿದವಳು ಬೇಸಿನ್ನಿನ ಕೆಳಗೆ ಬಗ್ಗಿ ನಿಂತುಬಿಟ್ಟಳು. ಅಲ್ಲಿ ನೆಲದ ಹಲಗೆಯಲ್ಲಿ ನೀರಿನ ಕೊಳವೆ, ತಂತಿ ಹಾಯಲು ಕೊರೆದ ಮುಷ್ಟಿಗಾತ್ರದ ತೂತಿತ್ತು. ಅಲ್ಲಿಂದ ಗಾಳಿ ರಭಸವಾಗಿ ಒಳಕ್ಕೆ ನುಗ್ಗುತ್ತಿತ್ತು. ಊದುಬತ್ತಿಯ ಕೆಂಡ ನಿಗಿನಿಗಿ ಎನ್ನುತ್ತಿತ್ತು.

‘ಸಾರ್, ಇದರ ಕೆಳಗಡೆ ಏನಿದೆ?’

ಕೆಳಗೆ ಎಂಜಿನ್ನಿನ ಹೊಗೆ ಕೊಳವೆ. ಅದರ ಪಕ್ಕದ ಡಿಕ್ಕಿಯಲ್ಲಿ ಯಜಮಾನರು ಜಾತ್ರೆಗೆಂದು ಬಾಡಿಗೆಗೆ ಗೊತ್ತುಮಾಡಿದ್ದ ಪುಟ್ಟ ಪೆಟ್ರೋಲ್ ಜನರೇಟರ್ ಇಡುವ ಜಾಗ.

ಫ್ಯಾನು ಗಾಳಿಯನ್ನು ಹುಟ್ಟಿಸುವುದಿಲ್ಲ. ಇಲ್ಲಿದ್ದದ್ದನ್ನು ಅಲ್ಲಿಗೆ ಸಾಗಿಸುತ್ತದೆ, ಅಷ್ಟೆ. ಆ ಗಾಡಿಯ ಒಳಗಿರುವುದು ಸುಮಾರು 13 ಘನ ಮೀಟರ್ ಗಾಳಿ. ನಮ್ಮ ಫ್ಯಾನು ನಿಮಿಷಕ್ಕೆ ಆರೂವರೆ ಘನ ಮೀಟರ್ ಹೊರಹಾಕಿತೆಂದುಕೊಂಡರೂ ಎರಡು ನಿಮಿಷಕ್ಕೆ ಅಷ್ಟೇ ಗಾಳಿ ಎಲ್ಲಿಂದಲಾದರೂ ಒಳಗೆ ಬರಲೇಬೇಕು. ಕಿಟಕಿ ತೆರೆದಿದ್ದರೆ ಕಿಟಕಿಯಿಂದ ಬರುತ್ತದೆ. ಕಿಟಕಿ ಮುಚ್ಚಿದರೆ ಒಳಗಿನ ಒತ್ತಡ ಕೊಂಚ ಇಳಿದು, ಸಿಕ್ಕ ಸಂದಿಯಿಂದ ನುಗ್ಗುತ್ತದೆ. ಆ ಸಂದಿಯ ಆಚೆ ಮಲ್ಲಿಗೆ ಬಳ್ಳಿ ಇದೆಯೋ ಜನರೇಟರಿನ ಹೊಗೆ ಇದೆಯೋ ಫ್ಯಾನಿಗೆ ತಿಳಿಯದು. ಎಷ್ಟು ಚೆನ್ನಾಗಿ ರಿಪೇರಿ ಮಾಡಿದ್ದೆವೋ ಅಷ್ಟೂ ಜೋರಾಗಿ ಅದು ವಿಷವನ್ನು ಒಳಗೆಳೆಯುತ್ತಿತ್ತು.

2024ರ ಡಿಸೆಂಬರಿನಲ್ಲಿ ಕೇರಳದ ವಡಕರದಲ್ಲಿ ರಸ್ತೆ ಬದಿ ನಿಲ್ಲಿಸಿದ್ದ ಒಂದು ಕ್ಯಾರವಾನಿನೊಳಗೆ ಇಬ್ಬರು ಸತ್ತು ಬಿದ್ದಿದ್ದು ಕೆಲವರಿಗೆ ನೆನಪಿರಬಹುದು. ಮೊದಲು ಯಾರಿಗೂ ಕಾರಣ ಹೊಳೆಯಲಿಲ್ಲ. ಕೋಳಿಕ್ಕೋಡಿನ ಎನ್‌ಐಟಿಯ ತಜ್ಞರನ್ನೂ ಸೇರಿಸಿಕೊಂಡು ಪರೀಕ್ಷೆ ನಡೆಸಿದಾಗ, ಜನರೇಟರಿನಿಂದ ಹೊರಟ ಕಾರ್ಬನ್ ಮಾನಾಕ್ಸೈಡ್ ಅವರಿದ್ದ ಕೋಣೆಯೊಳಗೆ ತುಂಬಿಕೊಂಡದ್ದು ತಿಳಿಯಿತು. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲಾಗಿ ಇದನ್ನು ಹಿಡಿದುಕೊಳ್ಳುತ್ತದೆ. ತಲೆನೋವು, ತೂಕಡಿಕೆ, ಜಾತ್ರೆಯಲ್ಲಿ ಸುತ್ತಿ ಬಂದವನಿಗೆ ಇವೆರಡೂ ಇದ್ದದ್ದೇ ಎಂದು ಮಲಗಿಬಿಡುತ್ತಾನೆ.

ಇದನ್ನೆಲ್ಲ ನಾನು ಹೇಳಿ ಮುಗಿಸುವ ಮುನ್ನವೇ ಯಜಮಾನರ ಮುಖ ಸಣ್ಣದಾಗಿತ್ತು. ಆದರೆ ಒತ್ತಡದ ಪಾಠ ಅವರಿಗೆ ಬೇಕಾಗಲಿಲ್ಲ. ‘ನಮ್ಮ ಆಲೆಮನೆ ನೋಡ್ಲಾ ಮಗ’ ಎಂದರು ಮಗಳಿಗೆ. ಹಳ್ಳಿಯ ಕಡೆ ಹೆಣ್ಣುಮಗುವಿಗೂ ‘ಲಾ’ ಅನ್ನುವುದು ಅಕ್ಕರೆ. ‘ಕೊಪ್ಪರಿಗೆ ಮೇಲೆ ಸೂರು ಬಿಟ್ಟಿದ್ದೀವಿ, ಹಬೆ ಹೋಗ್ತದೆ. ಹಂಗಂತ ಸುತ್ತ ಗೋಡೆ ಕಟ್ಟಿದ್ದೀವಾ? ಪಕ್ಕ ಬಿಟ್ರೇ ಅಲ್ವಾ ಮ್ಯಾಲಕ್ಕೋಗದು. ಸುತ್ತ ಮುಚ್ಚಿದ್ರೆ ಪಾಕ ಕಾಯೋನೇ ಬೆಂದೋಯ್ತಾನೆ.’ ಇಪ್ಪತ್ತು ವರ್ಷದಿಂದ ಬೆಲ್ಲ ಕಾಯಿಸುತ್ತಿರುವವರು ಕಣ್ಣೆದುರಿಗೆ ಇದ್ದದ್ದನ್ನು ಗಾಡಿಯೊಳಗೆ ಹೊಕ್ಕ ಕೂಡಲೇ ಮರೆತಿದ್ದರು. ನಾನೂ ಮರೆತಿದ್ದೆ, ಸೂರಿನ ಫ್ಯಾನನ್ನೇ ನೋಡುತ್ತ ನೆಲದ ತೂತನ್ನು ನೋಡಿರಲಿಲ್ಲ. ಊದುಬತ್ತಿ ಹಚ್ಚಬೇಕೆಂದು ನನಗೆ ಹೊಳೆದಿರಲಿಲ್ಲ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಅಡುಗೆ ಅನಿಲದ ವಿಷಯ ಬೇರೆಯೇ ಇದೆ. ಸೂರಿನ ಫ್ಯಾನಿದ್ದರೆ ಗ್ಯಾಸ್ ಸೋರಿದರೂ ಭಯವಿಲ್ಲ ಎಂದು ಹಲವರು ತಿಳಿದಿದ್ದಾರೆ. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ನೀರಿನಂತೆ ನೆಲದ ಮೇಲೆ ಹರಡಿ ಮಂಚದ ಕೆಳಗೆ ನಿಲ್ಲುತ್ತದೆ, ಸೂರಿಗೆ ಏರುವುದಿಲ್ಲ. ಗ್ಯಾಸಿನ ವಾಸನೆ ಬಂದಾಗ ಹೊರಗೆ ಹೋಗಲಿ ಎಂದು ಈ ಫ್ಯಾನಿನ ಸ್ವಿಚ್ ಒತ್ತುವುದಂತೂ ಆಗಲೇಬಾರದು. ನಾವು ಹೊಸದಾಗಿ ಹಾಕಿಸಿದ ಕಾರ್ಬನ್ ಬ್ರಷ್ಷುಗಳು ತಿರುಗುವಾಗಲೆಲ್ಲ ಸಣ್ಣ ಕಿಡಿ ಹಾರಿಸುತ್ತಲೇ ಇರುತ್ತವೆ. ಸಿಲಿಂಡರಿನ ತಿರುಪು ಮುಚ್ಚಿ, ಬಾಗಿಲು ತೆರೆದು, ಎಲ್ಲರೂ ಹೊರಗೆ ಇಳಿಯಬೇಕು. ಸ್ವಿಚ್ಚುಗಳನ್ನು ಹಾಕುವುದೂ ಬೇಡ, ಆರಿಸುವುದೂ ಬೇಡ.

ಅಂದೇ ಸಂಜೆ ಯಜಮಾನರು ಜನರೇಟರಿನವನಿಗೆ ಫೋನು ಮಾಡಿ ಬೇಡವೆಂದರು. ಮುಂಗಡದ ಹಣಕ್ಕೆ ಕೊಂಚ ವಾಗ್ವಾದವಾಯಿತು, ಅರ್ಧ ಹೋಯಿತು. ನೆಲದ ತೂತಿಗೆ ತಗಡಿನ ಬಿಲ್ಲೆ ಹಾಕಿ, ಕೊಳವೆಯ ಸುತ್ತ ಉಳಿದ ಸೀಲೆಂಟ್ ತುಂಬಿದೆವು. ಗ್ಯಾಸ್ ಒಲೆ, ಸಿಲಿಂಡರು ಗಾಡಿಯಿಂದ ಹೊರಗೆ ಬಂದವು. ಎಂಜಿನ್ನು ಚಾಲೂ ಇರುವಾಗ ಯಾರೂ ಒಳಗೆ ಮಲಗಬಾರದು ಎಂದಾಯಿತು. ಕಿಟಕಿಗೆ ಮಾತ್ರ ಸೊಳ್ಳೆಪರದೆಯ ಬಲೆ ಹೊಲಿಸಬೇಕಿತ್ತು. ಅದನ್ನು ಅಜ್ಜಿಯೇ ಕೂತು ಹೊಲಿದರು. ಬಲೆಗೆ ಧೂಳು ಕಟ್ಟಿದರೆ ಕಿಟಕಿ ಮುಚ್ಚಿದ ಹಾಗೆಯೇ, ಆಗಾಗ ಒಗೆಯಬೇಕೆಂದು ಹುಡುಗಿ ಹೇಳಿದ್ದಕ್ಕೆ, ಬಿಚ್ಚಿ ತೆಗೆಯಲು ಬರುವಂತೆ ಅಂಚಿಗೆ ನಾಡಿ ಇಟ್ಟರು.

ವೈರಮುಡಿಯ ರಾತ್ರಿ ನಾನೂ ಹೋಗಿದ್ದೆ. ಉತ್ಸವ ನೋಡಿ ಹಿಂದಿರುಗುವಾಗ ನಡುರಾತ್ರಿ ಮೀರಿತ್ತು. ಊರಿನ ಹೊರಗೆ ಸಾಲಾಗಿ ನಿಂತ ವ್ಯಾನುಗಳ ನಡುವೆ ನಮ್ಮದನ್ನು ಹುಡುಕುವುದು ಕಷ್ಟವಾಗಲಿಲ್ಲ. ಸೂರಿನ ಮೇಲೆ ಬಿಳಿಯ ಹೊಸ ಮುಚ್ಚಳ ಒಂದು ಗೇಣು ಎದ್ದಿತ್ತು. ಅಜ್ಜಿ ಆಗಲೇ ನಿದ್ದೆ ಹೋಗಿದ್ದರು. ಹುಡುಗಿ ಮಲಗುವ ಮೊದಲು ಕಿಟಕಿಯ ಬಲೆಯ ಹತ್ತಿರ ಒಂದು ಊದುಬತ್ತಿ ಹಚ್ಚಿ ಹಿಡಿದಳು. ಹೊಗೆ ಒಳಕ್ಕೆ ಬಾಗಿ, ಅಜ್ಜಿಯ ಮಂಚದ ಮೇಲೆ ಹಾದು, ಸೂರಿನ ಕಡೆಗೆ ಏರಿತು. ಯಜಮಾನರು ಕೆಳಗೆ ಚಾಪೆ ಹಾಸಿಕೊಂಡು ಅದನ್ನೇ ನೋಡುತ್ತಿದ್ದರು. ‘ಆರಿಸವ್ವ ಸಾಕು, ನಾಳಿದ್ದು ಪರೀಕ್ಷೆ ಅದೆ’ ಎಂದರು.